ತಿರುಗಾಟದ ಬೆಳಕು

ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ಆಚೀಚೆ ಶುರುವಾಗಿ ತುಳುನಾಡಿನ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಮುಗಿಯುತ್ತದೆ. ಇವತ್ತು ಈ ಊರಿನ ಕೊಯ್ದ ಗದ್ದೆಯಲ್ಲಿ ಆಟ, ನಾಳೆ ಎರಡು ಹರದಾರಿ ಆಚೆ ಇನ್ನೊಂದು ಗದ್ದೆ. ವೇಷದ ಪೆಟ್ಟಿಗೆ ತಲೆಯ ಮೇಲೆ, ಚೆಂಡೆ ಮದ್ದಳೆ ಹೆಗಲ ಮೇಲೆ ಹೊತ್ತು ನಡೆದೇ ಹೋಗುತ್ತಿದ್ದ ಕಾಲದಲ್ಲಿ ಮೇಳಕ್ಕೆ ಪ್ರತಿ ರಾತ್ರಿಯೂ ಹೊಸದಾಗಿ ಹೊಂದಿಸಿಕೊಳ್ಳಲೇಬೇಕಾದ ವಸ್ತುವೊಂದಿತ್ತು: ಬೆಳಗಿನ ತನಕ ಉಳಿಯುವ ಬೆಳಕು. ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ, ಮದುವೆಯ ಆರತಕ್ಷತೆಯಲ್ಲಿ, ಕಾಲೇಜು ಫೆಸ್ಟಿನಲ್ಲಿ ಹಾಡುವ ಬೆಂಗಳೂರಿನ ಐದು ಜನರ ಬ್ಯಾಂಡು ಇವತ್ತು ಕಾರಿನ ಡಿಕ್ಕಿಯಲ್ಲಿ ಗಿಟಾರಿನ ಪಕ್ಕ ನಾಲ್ಕು ಎಲ್‌ಇಡಿ ಲೈಟು ತುಂಬಿಕೊಂಡು ಹೊರಡುವಾಗ ಹಾಕುವ ಲೆಕ್ಕವೂ ಅದೇ. ಎಷ್ಟು ಭಾರ, ಎಷ್ಟು ಖರ್ಚು, ಹೋದ ಜಾಗದಲ್ಲಿ ಏನು ಸಿಗುತ್ತದೆ, ಯಾರು ನೋಡಿಕೊಳ್ಳುತ್ತಾರೆ.

ರಂಗಭೂಮಿಯ ಇತಿಹಾಸ ಬರೆಯುವವರು ನಾಟಕಕಾರರನ್ನು, ನಟರನ್ನು, ಹಾಡುಗಳನ್ನು ಹಿಡಿದು ಬರೆಯುತ್ತಾರೆ. ಎಣ್ಣೆಯ ಲೆಕ್ಕ ಯಾರಿಗೂ ಬೇಡ. ಆದರೆ ಸ್ವಂತ ಸೂರಿಲ್ಲದ ತಂಡಗಳ ಮಟ್ಟಿಗೆ ವೇಷದ ಬಣ್ಣವನ್ನೂ ನಟ ನಿಲ್ಲುವ ಜಾಗವನ್ನೂ ತೀರ್ಮಾನಿಸಿದ್ದು ಬಹಳ ಸಲ ಈ ಬೆಳಕಿನ ಖರ್ಚೇ. ಕರ್ನಾಟಕದ ತಿರುಗಾಟದ ರಂಗಗಳಲ್ಲಿ ಬೆಳಕು ತಲೆಮಾರಿನಿಂದ ತಲೆಮಾರಿಗೆ ಅಗ್ಗವಾಗುತ್ತಲೇ ಬಂತು. ಅಗ್ಗವಾದಂತೆಲ್ಲ ಅದನ್ನು ಹೆಚ್ಚು ಹೆಚ್ಚು ಸುರಿದರು. ಸುರಿದಷ್ಟೂ ಮುಖ ಚೆನ್ನಾಗಿ ಕಂಡಿತೇ ಎಂದರೆ, ಇಲ್ಲ. ಕೈಯಲ್ಲಿ ಕಾಸಿಲ್ಲದವರೇ ಬೆಳಕನ್ನು ಎಲ್ಲಿಡಬೇಕು ಎಂಬುದನ್ನು ಚೆನ್ನಾಗಿ ಕಲಿತರು.

ದೀವಟಿಗೆ, ಪಂಜು, ದೊಂದಿ, ಹಿಲಾಲು ಎಂದು ಊರಿಗೊಂದು ಹೆಸರು. ವಸ್ತು ಹೆಚ್ಚುಕಡಿಮೆ ಒಂದೇ. ಹಳೆಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಹಿಡಿಗೆ ಸಿಕ್ಕಿಸಿ, ಎಣ್ಣೆ ಕುಡಿಸಿ ಹಚ್ಚುವುದು. ಆರುವ ಮುಂಚೆ ಮತ್ತೆ ಎಣ್ಣೆ ಉಣಿಸುವುದು. ಕರಾವಳಿಯಲ್ಲಿ ಹೊನ್ನೆ ಎಣ್ಣೆ, ತೆಂಗಿನೆಣ್ಣೆ. ಬಯಲುಸೀಮೆಯಲ್ಲಿ ಹರಳೆಣ್ಣೆ, ಹೊಂಗೆಯೆಣ್ಣೆ. ಎಲ್ಲವೂ ಊರಿನಲ್ಲೇ ಸಿಗುವಂಥದು, ಪೇಟೆಯಿಂದ ತರಬೇಕಾದದ್ದೇನೂ ಇಲ್ಲ. ದೀವಟಿಗೆ ಹಿಡಿಯುವ ಕೆಲಸ ಹಲವು ಊರುಗಳಲ್ಲಿ ಮಡಿವಾಳರ ಪಾಲಿಗೆ ಬಂದಿತ್ತು. ದೇವರ ಉತ್ಸವಕ್ಕೆ, ಭೂತದ ಕೋಲಕ್ಕೆ, ಮದುವೆಯ ದಿಬ್ಬಣಕ್ಕೆ ಬೆಳಕು ಹಿಡಿಯುತ್ತಿದ್ದವರು ಆಟಕ್ಕೂ ಹಿಡಿದರು. ಅವರ ಹೆಸರು ಯಾವ ಪ್ರಸಂಗದ ಕರಪತ್ರದಲ್ಲೂ ಬರಲಿಲ್ಲ. ನಿಜಕ್ಕೆ ಕರ್ನಾಟಕದ ಮೊದಲ ಬೆಳಕಿನ ವಿನ್ಯಾಸಕಾರರು ಅವರೇ.

ಯಾಕೆಂದರೆ ದೀವಟಿಗೆಯವನು ನೆಟ್ಟ ಕಂಬವಲ್ಲ. ರಂಗಸ್ಥಳದ ಎರಡು ಬದಿಯಲ್ಲಿ ಇಬ್ಬರು ನಿಂತರೆ ಬೆಳಕು ನಟನ ಮುಖದ ಎತ್ತರದಲ್ಲೇ ಇರುತ್ತದೆ, ಓರೆಯಿಂದ ಬೀಳುತ್ತದೆ. ಪಾತ್ರಧಾರಿ ಮುಂದೆ ಬಂದರೆ ಬೆಳಕೂ ಮುಂದೆ ಬರುತ್ತದೆ. ಅವನು ಹಿಂದೆ ಸರಿದು ಇನ್ನೊಬ್ಬ ಅರ್ಥ ಹೇಳತೊಡಗಿದರೆ ಅದು ಆ ಕಡೆಗೆ ಹೊರಳುತ್ತದೆ. ಇವತ್ತಿನ ಥಿಯೇಟರಿನಲ್ಲಿ ‘ಫಾಲೋ ಸ್ಪಾಟ್’ ಎಂದು ಕರೆಯುವ ದುಬಾರಿ ಯಂತ್ರ ಮಾಡುವ ಕೆಲಸವನ್ನು ಒಬ್ಬ ಮನುಷ್ಯ, ಒಂದು ಹಿಡಿ ಬಟ್ಟೆ, ಒಂದು ಕುಡಿಕೆ ಎಣ್ಣೆ ಮಾಡುತ್ತಿದ್ದವು. ಪ್ರಸಂಗದ ನಡೆ ಗೊತ್ತಿಲ್ಲದವನಿಂದ ಆ ಕೆಲಸ ಆಗುವಂಥದಲ್ಲ.

ವೇಷಗಳು ರೂಪುಗೊಂಡದ್ದೂ ಈ ಬೆಳಕಿಗಾಗಿಯೇ. ಎಣ್ಣೆಯ ಉರಿಯಲ್ಲಿ ಹಳದಿ ಕೆಂಪೇ ಹೆಚ್ಚು, ನೀಲಿಯ ಅಂಶ ತೀರಾ ಕಡಿಮೆ. ಹಾಗಾಗಿ ಕೆಂಪು, ಕಪ್ಪು, ಹಳದಿ, ಹಸಿರಿನ ಗಾಢ ಬಣ್ಣಗಳೇ ಯಕ್ಷಗಾನದಲ್ಲಿ ಮುಖ್ಯವಾದವು. ಮುಖಕ್ಕೆ ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು. ಹಗುರ ಮರವನ್ನು ಕೆತ್ತಿ ಬೇಗಡೆ ಅಂಟಿಸಿ, ನಡುನಡುವೆ ಕನ್ನಡಿ ಚೂರು ಕೂರಿಸಿ ಮಾಡಿದ ಕಿರೀಟ, ಭುಜಕೀರ್ತಿ, ಎದೆಕಟ್ಟು. ಅಲುಗುವ ಜ್ವಾಲೆಯ ಎದುರು ನಟ ಗಿರ್ಕಿ ಹೊಡೆದಾಗ ಆ ಚೂರುಗಳಲ್ಲಿ ಒಂದೊಂದು ಒಂದೊಂದು ಕ್ಷಣಕ್ಕೆ ಹೊತ್ತಿ ಆರುತ್ತಿತ್ತು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷದ, ಅಂದರೆ ರಕ್ಕಸ ಪಾತ್ರದ, ಮುಖದಲ್ಲಿ ಅಕ್ಕಿಹಿಟ್ಟು ಸುಣ್ಣ ಕಲಸಿ ಇಡುವ ಚುಟ್ಟಿಯ ಬಿಳಿ ಮುಳ್ಳುಗಳು ಓರೆ ಬೆಳಕಿನಲ್ಲಿ ನೆರಳು ಚೆಲ್ಲುವಷ್ಟು ಎದ್ದು ನಿಂತಿರುತ್ತವೆ. ರಕ್ಕಸನ ಪ್ರವೇಶದ ಹೊತ್ತಿಗೆ ದೊಂದಿಗೆ ರಾಳದ ಪುಡಿ ಎರಚಿದರೆ ಭಗ್ಗೆಂದು ಉರಿ ಎದ್ದು, ಕ್ಷಣಕಾಲ ಗದ್ದೆಯೆಲ್ಲ ಕೆಂಪು. ಮಕ್ಕಳು ಹೆದರಿ ತಾಯಿಯ ಸೆರಗಿನೊಳಗೆ ಸೇರುತ್ತಿದ್ದುದು ಈ ಗಳಿಗೆಯಲ್ಲೇ. ಇಷ್ಟಕ್ಕೂ ಆದ ಖರ್ಚು ಒಂದು ಹಿಡಿ ರಾಳ.

ಇನ್ನೂ ಕಡಿಮೆಯಲ್ಲಿ ಮುಗಿಸಿದವರು ತೊಗಲುಗೊಂಬೆಯಾಟದ ಕಿಳ್ಳೇಕ್ಯಾತರು. ಒಂದು ಬಿಳಿ ಪರದೆ, ಅದರ ಹಿಂದೆ ಒಂದು ದೀಪ. ಆಡಿನ ತೊಗಲನ್ನು ಬೆಳಕು ತೂರುವಷ್ಟು ತೆಳುವಾಗಿ ಹದಮಾಡಿ ಬಣ್ಣ ಕಟ್ಟಿದ ಗೊಂಬೆ ಆ ದೀಪದ ಮುಂದೆ ಬಂದರೆ ನೆರಳಿನಲ್ಲೂ ಬಣ್ಣ ಇರುತ್ತದೆ. ಗೊಂಬೆ ಪರದೆಗೆ ತಾಗಿದ್ದರೆ ಗೆರೆ ಸ್ಪಷ್ಟ, ದೀಪದ ಕಡೆಗೆ ಸರಿದರೆ ಆಕಾರ ದೊಡ್ಡದಾಗಿ ಮಸುಕಾಗುತ್ತದೆ. ಉರಿ ತುಯ್ದಾಡಿದಾಗ ಗೊಂಬೆ ಉಸಿರಾಡಿದಂತೆ ಕಾಣುತ್ತಿತ್ತು ಎಂದು ಹಳಬರು ಹೇಳುವುದುಂಟು. ಮುಂದೆ ವಿದ್ಯುತ್ ಬಲ್ಬು ಬಂದಾಗ ಗೆರೆ ಸ್ಥಿರವಾಯಿತು, ಹೊಗೆ ಹೋಯಿತು, ಆ ತುಯ್ತವೂ ಹೋಯಿತು.

ಪಂಜಿನ ಕಾಲ ಮುಗಿಸಿದ್ದು ಕರೆಂಟು ಎಂದು ಎಣಿಸುವವರೇ ಹೆಚ್ಚು. ಹಳ್ಳಿಗಳ ಮಟ್ಟಿಗೆ ಅದು ಸರಿಯಲ್ಲ. ಮುಗಿಸಿದ್ದು ಪೆಟ್ರೋಮ್ಯಾಕ್ಸ್, ಜನರ ಬಾಯಲ್ಲಿ ಗ್ಯಾಸ್‌ಲೈಟು.

ಅದರ ಹಿಂದಿನ ಕತೆ ಆಸ್ಟ್ರಿಯಾದಲ್ಲಿ ಶುರುವಾಗುತ್ತದೆ. ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ ಎಂಬ ರಸಾಯನಜ್ಞ 1885ರಲ್ಲಿ ಉರಿಯ ಮೇಲೆ ಕೂರಿಸಿದರೆ ಬೆಳ್ಳಗೆ ಬೆಳಗುವ ಬಲೆಯಂಥ ಮ್ಯಾಂಟಲ್‌ಗೆ ಪೇಟೆಂಟ್ ಪಡೆದ. ಮೊದಲ ನಮೂನೆಗಳ ಬೆಳಕು ಹಸಿರು ಹಸಿರಾಗಿ ಯಾರಿಗೂ ಹಿಡಿಸಲಿಲ್ಲ. 1891ರಲ್ಲಿ ಅವನು ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್ ಬೆರೆಸಿದ ಮೇಲೆ ಅದು ಲೋಕಕ್ಕೆಲ್ಲ ಹಬ್ಬಿತು. 1910ರ ಸುಮಾರಿಗೆ ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ ಕಂಪನಿ ಸೀಮೆಎಣ್ಣೆಯನ್ನು ಪಂಪಿನಿಂದ ಒತ್ತಿ, ಆವಿ ಮಾಡಿ, ಇದೇ ಮ್ಯಾಂಟಲ್‌ನೊಳಗೆ ಉರಿಸುವ ಕೈದೀಪವನ್ನು ಪೆಟ್ರೋಮ್ಯಾಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಥೋರಿಯಂ ಸಿಗುವ ಮೋನಜೈಟ್ ಮರಳು ನಮ್ಮ ಪಡುಗಡಲ ದಂಡೆಯಲ್ಲೇ ಇದೆ ಎಂಬುದು ತಿಳಿದದ್ದೂ ಆ ಕಾಲಕ್ಕೇ. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞ ತಿರುವಾಂಕೂರಿನಿಂದ ರಫ್ತಾದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನ ಜಾಡು ಹಿಡಿದು ಮಣವಾಳಕುರಿಚಿಯ ಕಡಲತೀರಕ್ಕೆ ಬಂದು ತಲುಪಿದ. ಮುಂದೆ ಸರ್ಕಾರದ ಇಂಡಿಯನ್ ರೇರ್ ಅರ್ತ್ಸ್ ಕಂಪನಿ ಆ ಮರಳಿನಿಂದ ತೆಗೆದ ಥೋರಿಯಂ ನೈಟ್ರೇಟನ್ನು ಮ್ಯಾಂಟಲ್ ತಯಾರಕರಿಗೆ ಒದಗಿಸಿತು. ಬಯಲಾಟಕ್ಕೆ ಬಾಡಿಗೆಗೆ ಬಂದ ಗ್ಯಾಸ್‌ಲೈಟಿನೊಳಗೆ ಕೇರಳ, ಕನ್ಯಾಕುಮಾರಿಯ ಮರಳು ಬೆಳಗುತ್ತಿತ್ತು ಅನ್ನಲು ಅಡ್ಡಿಯಿಲ್ಲ.

ಒಂದು ಗ್ಯಾಸ್‌ಲೈಟು ಕೆಲವು ನೂರು ಮೇಣದಬತ್ತಿಗಳಷ್ಟು ಬೆಳಕು ಕೊಡುತ್ತದೆ. ದೀವಟಿಗೆಗೆ ಹೋಲಿಸಿದರೆ ಹಗಲೇ ಬಂದಂತಾಯಿತು. ಪೇಟೆಯ ಸೈಕಲ್ ಶಾಪಿನವರು, ಶಾಮಿಯಾನದವರು ಬಾಡಿಗೆಗೆ ಕೊಡತೊಡಗಿದರು. ಮದುವೆ ಮೆರವಣಿಗೆ, ಗಣಪತಿ ವಿಸರ್ಜನೆ, ಆಟ, ಎಲ್ಲಕ್ಕೂ ಅದೇ. ಆದರೆ ಅದರ ಚಾಕರಿ ಸಣ್ಣದಲ್ಲ. ಸ್ಪಿರಿಟ್ ಹಾಕಿ ಬಿಸಿ ಮಾಡಬೇಕು, ಪಂಪು ಹೊಡೆಯಬೇಕು, ನಾಜಲಿನ ತೂತು ಕಟ್ಟಿದರೆ ಪಿನ್ನು ಆಡಿಸಬೇಕು. ಒಮ್ಮೆ ಉರಿದ ಮ್ಯಾಂಟಲ್ ಬರಿಯ ಬೂದಿಯ ಬಲೆ. ದೀಪದ ಹುಳು ಬಡಿದರೂ ಸಾಕು, ತೂತು. ಬೆಳಗಿನ ಜಾವ ಕರ್ಣನ ಕೊನೆಯ ಮಾತು ನಡೆಯುವಾಗ ಬೆಳಕು ಕೆಂಪಾಗುತ್ತ ಬಂದು, ದೀಪದವನು ರಂಗಸ್ಥಳಕ್ಕೇ ನುಗ್ಗಿ ಚಕಚಕನೆ ಪಂಪು ಹೊಡೆದು ಹೋಗುವುದನ್ನು ಯಾರೂ ಆಭಾಸ ಎಂದುಕೊಳ್ಳುತ್ತಿರಲಿಲ್ಲ.

ದೊಡ್ಡ ಬದಲಾವಣೆ ಪ್ರಖರತೆಯದ್ದಲ್ಲ, ಜಾಗದ್ದು. ಗ್ಯಾಸ್‌ಲೈಟನ್ನು ಕೈಯಲ್ಲಿ ಹಿಡಿದು ರಾತ್ರಿಯಿಡೀ ನಟನ ಹಿಂದೆ ತಿರುಗಲಾಗದು. ಅದು ತೂಕ, ಬಿಸಿ, ಅಲುಗಿದರೆ ಕೆಡುವ ವಸ್ತು. ಹಾಗಾಗಿ ಅಡ್ಡಗಳಕ್ಕೆ ತೂಗುಹಾಕಿದರು. ಮುಖದ ಮಟ್ಟದಲ್ಲಿದ್ದ ಬೆಳಕು ತಲೆಯ ಮೇಲೆ ಹೋಯಿತು. ಕಿರೀಟ, ಮುಂಡಾಸುಗಳ ನೆರಳು ಹಣೆ ಕಣ್ಣುಗಳ ಮೇಲೆ ಬಿತ್ತು. ತಿರುಗುವ ಬೆಳಕು ನಿಂತ ಬೆಳಕಾಯಿತು. ರಂಗಸ್ಥಳದ ಮೂಲೆಮೂಲೆಯೂ ಒಂದೇ ಸಮ ಕಂಡಿತು, ಅದರ ಹಿಂದೆ ಕೂತು ಬೀಡಿ ಸೇದುತ್ತಿದ್ದವರೂ ಕಂಡರು. ಅರದಾಳದ ಹಳದಿ ಈ ಬಿಳಿ ಬೆಳಕಿಗೆ ಪೇಲವ. ಕನ್ನಡಿ ಚೂರು ಹೊಳೆಯಬೇಕಾದರೆ ಉರಿ ಅಲುಗಬೇಕು, ಈ ದೀಪ ಅಲುಗುವುದಿಲ್ಲ. ಬಣ್ಣದ ಡಬ್ಬಿಗಳೂ ಬಟ್ಟೆಗಳೂ ಮೆಲ್ಲಗೆ ಬದಲಾದವು. ಪೇಟೆಯ ಪ್ಯಾನ್‌ಕೇಕು, ಮಿರಿಮಿರಿ ಸ್ಯಾಟಿನ್ನು ಬಂದವು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ಸಾಂಪ್ರದಾಯಿಕ ವೇಷದ ವರ್ಣಯೋಜನೆ ಉಳಿಯಬೇಕೆಂದು ಹಟ ಹಿಡಿದದ್ದು ಬರಿಯ ಹಳತಿನ ಮೋಹದಿಂದಲ್ಲ. ಒಂದು ಬೆಳಕಿಗೆಂದು ಹುಟ್ಟಿದ ಬಣ್ಣ ಇನ್ನೊಂದು ಬೆಳಕಿನಲ್ಲಿ ಅದೇ ಬಣ್ಣವಾಗಿ ಉಳಿಯುವುದಿಲ್ಲ.

ಕಂಪನಿ ನಾಟಕದವರ ಗತಿ ಬೇರೆ. ಅವರಿಗೆ ಬಯಲಿಲ್ಲ, ತಗಡು ತಟ್ಟಿಯ ಥಿಯೇಟರಿತ್ತು. ಮೂರು ಕಡೆ ಮುಚ್ಚಿದ ರಂಗ, ಸಾಲು ಸಾಲು ಪರದೆ. ದರ್ಬಾರು ಸೀನು, ಬೀದಿ ಸೀನು, ಕಾಡು ಸೀನುಗಳನ್ನು ಬರೆದ ಪರದೆಗೆ ಸಮನಾದ ಬೆಳಕು ಬೇಕು, ಇಲ್ಲದಿದ್ದರೆ ಬರೆದ ಕಂಬ ಬರೆದದ್ದೆಂದೇ ಕಾಣುತ್ತದೆ. ರಂಗದ ಅಂಚಿನಲ್ಲಿ, ನಟನ ಕಾಲ ಬುಡದಲ್ಲಿ, ಸೀಮೆಎಣ್ಣೆ ದೀಪಗಳ ಸಾಲು. ಅದರ ಬೆನ್ನಿಗೆ ತಗಡಿನ ಮರೆ. ಇದಕ್ಕೆ ಫುಟ್‌ಲೈಟು ಎಂದೇ ಹೆಸರು. ಕೆಳಗಿನಿಂದ ಬೀಳುವ ಬೆಳಕು ಮೂಗಿನ ನೆರಳನ್ನು ಹಣೆಗೆ ಎಸೆಯುತ್ತದೆ, ಎಲ್ಲರೂ ಸ್ವಲ್ಪ ರಾಕ್ಷಸರಂತೆಯೇ ಕಾಣುತ್ತಾರೆ. ಅದನ್ನು ತೊಡೆಯಲು ಮುಖಕ್ಕೆ ದಪ್ಪ ಸಫೇದಾ. ಹಾಡುವ ನಟ ರಂಗದ ಹಿಂಭಾಗದಲ್ಲಿ ನಿಂತರೆ ಕಾಣುವುದಿಲ್ಲವಾದ್ದರಿಂದ ಮುಂದೆ ಬಂದೇ ಹಾಡಬೇಕು. ಕಂಪನಿ ನಾಟಕದಲ್ಲಿ ಪ್ರೇಯಸಿಯನ್ನು ಬಿಟ್ಟು ಪ್ರೇಕ್ಷಕರ ಕಡೆ ತಿರುಗಿ ಪ್ರೇಮಗೀತೆ ಹಾಡುವುದನ್ನು ಆಮೇಲಿನವರು ಗೇಲಿ ಮಾಡಿದರು. ‘ಒನ್ಸ್ ಮೋರ್’ ಆಸೆ ಒಂದು ಕಾರಣವಾದರೆ ದೀಪದ ಸಾಲು ಇನ್ನೊಂದು ಕಾರಣ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ದೀಪ ಬೆಳಗಿತು, 1908ರಲ್ಲಿ ಮೈಸೂರಿಗೆ ಬಂತು. ಲಂಡನ್ನಿನ ಸೆವಾಯ್ ಥಿಯೇಟರು ಸುಮಾರು 1200 ಬಲ್ಬುಗಳಿಂದ ಇಡಿಯಾಗಿ ವಿದ್ಯುದ್ದೀಪದ ಮೊದಲ ರಂಗಮಂದಿರ ಅನ್ನಿಸಿಕೊಂಡದ್ದು 1881ರಲ್ಲಿ. ಆ ಲೆಕ್ಕದಲ್ಲಿ ನಮ್ಮ ನಗರಗಳು ತೀರಾ ಹಿಂದೆ ಬಿದ್ದಿರಲಿಲ್ಲ. ಆದರೆ ಕಂಪನಿಗಳು ಬದುಕಿದ್ದು ನಗರದಲ್ಲಲ್ಲ, ಜಾತ್ರೆಗಳಲ್ಲಿ, ಸಂತೆಯ ಊರುಗಳಲ್ಲಿ. ಅಲ್ಲಿಗೆ ತಂತಿ ಬರಲು ಇನ್ನೂ ಎಷ್ಟೋ ವರ್ಷ. ಅದಕ್ಕೇ ಅನುಕೂಲವಿದ್ದ ಕಂಪನಿಗಳು ಡೈನಮೊ ಹೊತ್ತು ತಿರುಗಿದವು, ಇಲ್ಲದವು ಗ್ಯಾಸ್‌ಲೈಟಿನಲ್ಲಿ ಸುಧಾರಿಸಿದವು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ ಕೈಗೆ ಬಂದ ಮೇಲೆ ದೃಶ್ಯವೈಭವಕ್ಕೆ ಖರ್ಚು ಮಾಡಲು ಹೆದರಲಿಲ್ಲ. 1934ರ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ಆನೆಯನ್ನು ತಂದ ಮೇಲೆ ಅದು ಕಾಣುವಷ್ಟು ಬೆಳಕನ್ನೂ ತರಬೇಕಲ್ಲ.

ಇದರ ಪಕ್ಕದಲ್ಲೇ ನೆನೆಯಬೇಕಾದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟ್ಯ ಸಂಘ. ಪಂಚಾಕ್ಷರ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಆಶ್ರಮದ ಮಕ್ಕಳ ಅನ್ನಕ್ಕಾಗಿ ನಡೆಸಿದ ಕಂಪನಿ. ಅದರಲ್ಲಿ ಅಂಧ ಕಲಾವಿದರೂ ಪಾತ್ರ ಮಾಡಿದರು. ಅವರ ಮಟ್ಟಿಗೆ ಅಲ್ಲಿ ಹಚ್ಚಿದ್ದ ದೀಪಗಳೆಲ್ಲ ಟಿಕೆಟ್ ಕೊಂಡವರಿಗಾಗಿ ಮಾತ್ರ.

ಬೆಂಗಳೂರಿನಲ್ಲಿ 1909ರಲ್ಲಿ ಶುರುವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಶನ್‌ನಿಂದ ಹಿಡಿದು ಎಪ್ಪತ್ತರ ದಶಕದ ಹವ್ಯಾಸಿ ತಂಡಗಳವರೆಗೆ ಕಚೇರಿ ಮುಗಿಸಿ ಸಂಜೆ ತಾಲೀಮು ಮಾಡುವವರ ರಂಗಭೂಮಿ ಇನ್ನೊಂದಿತ್ತು. ಅವರಿಗೆ ಕರೆಂಟು ಸಿಕ್ಕಿತು, ದುಡ್ಡು ಸಿಗಲಿಲ್ಲ. 1963ರಲ್ಲಿ ರವೀಂದ್ರ ಕಲಾಕ್ಷೇತ್ರ ಬಂದ ಮೇಲೆ ಬೆಂಗಳೂರಿನವರಿಗಾದರೂ ಒಂದು ಸುಸಜ್ಜಿತ ರಂಗವಾಯಿತು. ಸಾಗರ, ಧಾರವಾಡ, ಮಂಡ್ಯದ ಶಾಲಾ ಹಾಲುಗಳಲ್ಲಿ ಆಡುವವರು ಡಾಲ್ಡಾ ಡಬ್ಬಿಗೆ ಮೊರೆಹೋದರು. ಡಬ್ಬಿಯ ಒಂದು ಬದಿ ಕತ್ತರಿಸಿ, ಹಿಂದಿನಿಂದ ಹೋಲ್ಡರು ಕೂರಿಸಿ, ನೂರು ವ್ಯಾಟಿನ ಬಲ್ಬು ಹಾಕಿ, ಬಾಯಿಗೆ ಜಿಲೆಟಿನ್ ಕಾಗದ ಕಟ್ಟಿದರೆ ಒಂದು ‘ಸ್ಪಾಟ್’. ಒಳಗೆ ಬಣ್ಣ ಬಳಿಯದ ತಗಡು ತಾನೇ ಪ್ರತಿಫಲಕ. ಹೊರಗೆ ಕಪ್ಪು ಬಳಿದರೆ ಬೆಳಕು ಸೋರದು. ಬಿಸಿ ಹೋಗಲು ಹಿಂದೆ ಮೊಳೆಯಿಂದ ತೂತು. ಅದನ್ನು ಮರೆತವರ ಜಿಲೆಟಿನ್ ಎರಡನೇ ದೃಶ್ಯಕ್ಕೆ ಮುದುಡಿ ಕಂದುತ್ತಿತ್ತು.

ಬೆಳಕನ್ನು ಮೆಲ್ಲಗೆ ಏರಿಸಿ ಇಳಿಸುವುದು ಇನ್ನೂ ಕಷ್ಟದ ಮಾತು. ಲೋಕದ ಬಡ ರಂಗಭೂಮಿಗಳೆಲ್ಲ ಕಂಡುಕೊಂಡ ಉಪಾಯ ಉಪ್ಪುನೀರಿನ ಡಿಮ್ಮರ್. ಜೇಡಿಯ ಕೊಳವೆಗೆ ನೀರು ತುಂಬಿ ಉಪ್ಪು ಕದಡಿ, ತಳದಲ್ಲೊಂದು ಲೋಹದ ತಟ್ಟೆ, ಮೇಲಿಂದ ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು ತಟ್ಟೆ. ತಟ್ಟೆಗಳು ಹತ್ತಿರವಾದರೆ ದೀಪ ಪ್ರಖರ, ದೂರವಾದರೆ ಮಂಕು. ನೀರು ಕುದಿಯುತ್ತದೆ, ಮುಟ್ಟಿದರೆ ಶಾಕು ಹೊಡೆಯುತ್ತದೆ, ಇವತ್ತು ಯಾರೂ ಮಾಡಿ ನೋಡಬಾರದು. ಆದರೂ ಅದರ ಬೆಳಕು ಇಳಿಯುವ ನಯಕ್ಕೆ ಸಾಟಿಯಿರಲಿಲ್ಲ. ಮುಂದೆ ಡಿಮ್ಮರ್‌ಸ್ಟ್ಯಾಟ್ ಬಂತು, ಆಳು ಎತ್ತಲಾಗದ ತೂಕದ ತಾಮ್ರದ ಸುರುಳಿ. ಆಮೇಲೆ ಅಂಗೈಯಗಲದ ಥೈರಿಸ್ಟರ್ ಡಿಮ್ಮರ್.

ಇಂಥ ತಗಡು ತಂತಿಯ ಬೆಳಕು ದೊಡ್ಡ ಕಲೆಯಾಗಬಲ್ಲದು ಎಂದು ದೇಶಕ್ಕೆ ತೋರಿಸಿದವರು ಕೋಲ್ಕತ್ತದ ತಾಪಸ್ ಸೇನ್. 1959ರಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕದ ಕೊನೆಗೆ ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗಿ ಕಾರ್ಮಿಕರನ್ನು ಮುಳುಗಿಸುವ ದೃಶ್ಯವನ್ನು ಅವರು ಮಿನರ್ವಾ ಥಿಯೇಟರಿನಲ್ಲಿ ಬರಿಯ ಬೆಳಕಿನಿಂದ ಕಟ್ಟಿದರು. ರಂಗದ ಮೇಲೆ ಒಂದು ಹನಿ ನೀರಿರಲಿಲ್ಲ.

ನಮ್ಮಲ್ಲಿ ಈ ಮಿತವ್ಯಯವನ್ನು ತಿರುಗಾಟಕ್ಕೆ ಒಗ್ಗಿಸಿದ್ದು ನೀನಾಸಂ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ಸಂಸ್ಥೆ 1985ರಲ್ಲಿ ‘ತಿರುಗಾಟ’ ಶುರುಮಾಡಿತು. ನಟರ ಜೊತೆ ರಂಗಸಜ್ಜಿಕೆ, ದೀಪ, ಡಿಮ್ಮರು ಎಲ್ಲವೂ ಗಾಡಿ ಹತ್ತಿ ಊರೂರು ಸುತ್ತುತ್ತವೆ. ಮಧ್ಯಾಹ್ನ ಊರು ತಲುಪಿ, ಸಂಜೆಯೊಳಗೆ ಶಾಲೆಯ ಅಂಗಳವನ್ನೋ ಕಲ್ಯಾಣಮಂಟಪವನ್ನೋ ರಂಗಮಂದಿರ ಮಾಡಿ, ರಾತ್ರಿ ಬಿಚ್ಚಿ ಕಟ್ಟಿ ಹೊರಡಬೇಕು. ನಾಟಕ ಆಡುವವರೇ ಲೈಟು ಕಟ್ಟುವವರು. ಹೀಗೆ ಕಲಿತವರಿಗೆ ಒಂದು ಲಾಭವಿದೆ: ಯಾವ ದೀಪ ಇಲ್ಲದಿದ್ದರೂ ನಡೆಯುತ್ತದೆ ಎಂಬುದು ಹೊತ್ತವನಿಗೆ ಬೇಗ ಗೊತ್ತಾಗುತ್ತದೆ. ಇದಕ್ಕೆ ಮುಂಚೆಯೇ, 1975ರಲ್ಲಿ ಹುಟ್ಟಿದ ಸಮುದಾಯ ತಂಡ ಬೀದಿನಾಟಕ ಹಿಡಿದು, 1979ರ ಜಾಥಾದಲ್ಲಿ ಹಳ್ಳಿ ಹಳ್ಳಿಗೆ ಹೋಗಿ, ಹಗಲಿನಲ್ಲೇ ಆಡಿ, ಬೆಳಕಿನ ಖರ್ಚನ್ನೇ ಪಟ್ಟಿಯಿಂದ ಹೊಡೆದುಹಾಕಿತ್ತು.

ಅತ್ತ ಟಿಕೆಟಿಟ್ಟು ಡೇರೆಯೊಳಗೆ ಆಡುತ್ತಿದ್ದ ಯಕ್ಷಗಾನ ಮೇಳಗಳಿಗೆ ಟ್ಯೂಬ್‌ಲೈಟು ಬಂತು. ಯಕ್ಷಗಾನಕ್ಕೆ ಇದಕ್ಕಿಂತ ಕೆಟ್ಟ ಬೆಳಕು ಬಂದಿಲ್ಲ ಎಂದೇ ಹೇಳಬೇಕು. ನೆರಳಿಲ್ಲ, ಉಬ್ಬುತಗ್ಗಿಲ್ಲ, ಕೆಂಪು ಕೂಡ ಬೂದಿ ಬಡಿದಂತೆ. ಆದರೆ ಅಗ್ಗ, ತಣ್ಣಗಿರುತ್ತದೆ, ಹಿಂದಿನ ಸಾಲಿನವನಿಗೂ ಕಾಣುತ್ತದೆ. ಡೇರೆಯ ಯಜಮಾನರಿಗೆ ಬೇಕಾದ್ದು ಅಷ್ಟೇ.

ಇದೇ ಹೊತ್ತಿಗೆ ಗಣೇಶೋತ್ಸವ, ರಾಜ್ಯೋತ್ಸವಗಳ ವೇದಿಕೆಯಲ್ಲಿ ರಸಮಂಜರಿ ಕಾರ್ಯಕ್ರಮ, ಅಂದರೆ ಆರ್ಕೆಸ್ಟ್ರಾ, ಬೆಳೆಯಿತು. ಚಿತ್ರಗೀತೆ ಹಾಡುವ ನಾಲ್ಕು ಗಾಯಕರು, ಕೀಬೋರ್ಡು, ರಿದಂ ಪ್ಯಾಡು, ತಬಲಾ. ಇವರ ಬೆಳಕು ಶಾಮಿಯಾನದವನ ಕೈಯಲ್ಲಿ. ಐನೂರು ವ್ಯಾಟಿನ ಎರಡು ಹ್ಯಾಲೋಜನ್ ಎದುರಿಗೆ, ಹಿಂದೆ ಸೀರಿಯಲ್ ಸೆಟ್ಟು, ತಿರುಗುವ ಬಣ್ಣದ ಚಕ್ರದ ಫೋಕಸ್ಸು. ಅನುಕೂಲವಿದ್ದವರು ಪಾರ್ ಕ್ಯಾನ್ ತರಿಸಿದರು. ಕಾರಿನ ಹೆಡ್‌ಲೈಟಿನ ಹಾಗೆ ಬಲ್ಬು, ಕನ್ನಡಿ, ಗಾಜು ಮೂರೂ ಒಂದಾಗಿ ಬೆಸೆದ ದೀಪವೇ ಪಾರ್. ಅದನ್ನು ಒಂದು ತಗಡಿನ ಕೊಳವೆಯೊಳಗಿಟ್ಟರೆ ಪಾರ್ ಕ್ಯಾನ್. ತತ್ವದಲ್ಲಿ ಡಾಲ್ಡಾ ಡಬ್ಬಿಗೆ ತೀರಾ ಹತ್ತಿರದ ನೆಂಟ. ಎಪ್ಪತ್ತರ ದಶಕದ ರಾಕ್ ಬ್ಯಾಂಡುಗಳು ಇದನ್ನು ನೂರುಗಟ್ಟಲೆ ತೂಗುಹಾಕಿ ಲೋಕಪ್ರಸಿದ್ಧ ಮಾಡಿದ್ದವು.

ಸಣ್ಣ ತಂಡಕ್ಕೆ ಅದು ಎಟುಕದೆ ಹೋದದ್ದು ದೀಪದ ಬೆಲೆಯಿಂದಲ್ಲ, ಕರೆಂಟಿನಿಂದ. ದೊಡ್ಡ ಪಾರ್ ಒಂದಕ್ಕೆ 1000 ವ್ಯಾಟ್. ಎಂಟು ದೀಪಕ್ಕೆ 8000 ವ್ಯಾಟ್. 230 ವೋಲ್ಟಿನಲ್ಲಿ ಅದು ಸುಮಾರು 35 ಆಂಪಿಯರ್. ಮನೆಯ ದೊಡ್ಡ ಪ್ಲಗ್ಗು ತಡೆಯುವುದೇ 16. ಹಾಗಾಗಿ ಜನರೇಟರು, ಅದಕ್ಕೆ ಡೀಸೆಲ್ಲು, ದಪ್ಪ ಕೇಬಲ್ಲು, ಡಿಮ್ಮರ್ ರ‍್ಯಾಕು, ಇದನ್ನೆಲ್ಲ ಬಲ್ಲ ಒಬ್ಬ ಎಲೆಕ್ಟ್ರಿಷಿಯನ್ನು. ಅಥವಾ ಬೀದಿಕಂಬಕ್ಕೆ ಕೊಕ್ಕೆ ಹಾಕುವುದು. ಗಣೇಶನ ಪೆಂಡಾಲುಗಳಲ್ಲಿ ಅದೂ ನಡೆಯಿತು, ಅದರಿಂದ ಜೀವಗಳೂ ಹೋದವು.

ಈ ಲೆಕ್ಕವನ್ನು ಮುರಿದದ್ದು ನೀಲಿ ಬೆಳಕು. ಕೆಂಪು, ಹಸಿರು ಎಲ್‌ಇಡಿ ಎಷ್ಟೋ ಮುಂಚೆ ಇದ್ದವು. ನೀಲಿ ಇಲ್ಲದೆ ಬಿಳಿಯಾಗದು. ಜಪಾನಿನ ನಿಚಿಯಾ ಕಂಪನಿಯಲ್ಲಿ ಶೂಜಿ ನಾಕಾಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ಮಾಡಿ ತೋರಿಸಿದರು. ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಜೊತೆಗೆ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಈಗ ತಲಾ ಮೂರು ವ್ಯಾಟಿನ 54 ಎಲ್‌ಇಡಿ ಕೂರಿಸಿದ ಪಾರ್ ಒಂದಕ್ಕೆ ಹೆಚ್ಚೆಂದರೆ 160 ವ್ಯಾಟ್ ಆಸುಪಾಸು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ಸಾವಿರ ರೂಪಾಯಿ. ಎಂಟು ದೀಪ ಒಟ್ಟಿಗೆ ಹಚ್ಚಿದರೂ ಆರು ಆಂಪಿಯರ್ ದಾಟುವುದಿಲ್ಲ. ಕಲ್ಯಾಣಮಂಟಪದ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಸಾಕು. ಜಿಲೆಟಿನ್ ಬೇಡ, ಡಿಮ್ಮರ್ ಬೇಡ, ಎರಡೂ ಒಳಗೇ ಇವೆ. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ರೂಪಿಸಿದ ಡಿಎಂಎಕ್ಸ್ 512 ಎಂಬ ಕಟ್ಟಳೆಯ ಪ್ರಕಾರ ಒಂದೇ ಕೇಬಲ್ಲಿನ ಮೇಲೆ 512 ಚಾನೆಲ್‌ಗಳನ್ನು ಆಳಬಹುದು. ಐದು ಜನರ ಬ್ಯಾಂಡಿಗೆ ಅಷ್ಟೆಲ್ಲ ಬೇಕಾಗುವುದೇ ಇಲ್ಲ.

ಹಾಗಾದರೆ ಸಣ್ಣ ವೇದಿಕೆಗಳು ಈಗ ಸುಂದರವಾಗಿವೆಯೇ? ಬಹಳ ಕಡೆ ಇಲ್ಲ. ಅಗ್ಗದ ದೀಪದಲ್ಲಿ ಕೆಂಪು ಹಸಿರು ನೀಲಿ ಬೆರೆಸಿ ಮಾಡಿದ ಬಿಳಿ ನಿಜವಾದ ಬಿಳಿಯಲ್ಲ. ನಮ್ಮ ಕಂದು ಮೈಬಣ್ಣದ ಮೇಲೆ ಬಿದ್ದರೆ ಜ್ವರ ಬಂದವರಂತೆ ಕಾಣುತ್ತಾರೆ. ದೀಪ ಮಂಕಾಗಿಸಿದಾಗ ಫೋನಿನ ವಿಡಿಯೊದಲ್ಲಿ ಪಟ್ಟೆ ಪಟ್ಟೆ. ಇದ್ದ ಎಂಟೂ ದೀಪ ಹಿಂದಿನ ಬ್ಯಾನರಿನ ಮೇಲೆ, ಹಾಡುವವನ ಮುಖ ಕತ್ತಲಲ್ಲಿ. ತಾಳಕ್ಕೆ ತಕ್ಕಂತೆ ಮಿನುಗುವ ಆಟೊ ಮೋಡ್‌ಗೆ ಬಿಟ್ಟು ಲೈಟಿಂಗಿನವನು ಊಟಕ್ಕೆ ಹೋಗಿರುತ್ತಾನೆ, ವೇದಿಕೆಯಲ್ಲಿ ಭಾವಗೀತೆ ನಡೆದಿರುತ್ತದೆ.

ಚೆನ್ನಾಗಿ ಮಾಡುವ ಸಣ್ಣ ಬ್ಯಾಂಡುಗಳು ಮಾಡುತ್ತಿರುವುದನ್ನು ನೋಡಿದರೆ ಅದರಲ್ಲಿ ಗುಟ್ಟೇನಿಲ್ಲ. ಎರಡು ಬೆಚ್ಚನೆಯ ಬಿಳಿ ದೀಪ ಮುಂದೆ, ಎಡಬಲದ ಸ್ಟ್ಯಾಂಡಿನಲ್ಲಿ, ತಲೆಗಿಂತ ಒಂದಾಳು ಎತ್ತರಕ್ಕೆ, ಓರೆಯಾಗಿ ಮುಖದ ಕಡೆ. ಎರಡು ಬಣ್ಣದ ದೀಪ ಹಿಂದೆ, ಭುಜ ಕೂದಲುಗಳ ಅಂಚು ಬೆಳಗುವಂತೆ. ಒಂದು ಹಾಡಿಗೆ ಒಂದೇ ಬಣ್ಣ. ದುಡ್ಡು ಉಳಿದರೆ ಐದನೆಯ ದೀಪಕ್ಕಲ್ಲ, ಗಟ್ಟಿ ಸ್ಟ್ಯಾಂಡಿಗೆ, ಮರಳಿನ ಚೀಲಕ್ಕೆ, ದೀಪ ಕಳಚಿದರೂ ಕೆಳಗೆ ಬೀಳದಂತೆ ಹಿಡಿಯುವ ಸೇಫ್ಟಿ ವೈರಿಗೆ, ಅರ್ತಿಂಗ್ ಇರುವ ಎಕ್ಸ್‌ಟೆನ್ಶನ್ ಬೋರ್ಡಿಗೆ.

ದೊಂದಿ ಬೆಳಕಿನ ಯಕ್ಷಗಾನವನ್ನು ಈಗ ಕರಾವಳಿಯಲ್ಲಿ ಆಗಾಗ ವಿಶೇಷ ಕಾರ್ಯಕ್ರಮವಾಗಿ ಆಡಿಸುತ್ತಾರೆ. ಕರಪತ್ರದಲ್ಲಿ ಅದನ್ನೇ ದೊಡ್ಡಕ್ಷರದಲ್ಲಿ ಹಾಕುತ್ತಾರೆ, ಜನ ಸೇರುತ್ತಾರೆ. ಎಣ್ಣೆಯ ಬೆಲೆಯಲ್ಲಿ, ಹಿಡಿಯಬಲ್ಲ ಆಳಿನ ಕೂಲಿಯಲ್ಲಿ ಅದು ಇವತ್ತು ಅಗ್ಗದ ಬೆಳಕಲ್ಲ. ಒಮ್ಮೆ ನೋಡಬೇಕು, ಬೇಗಡೆ, ಕನ್ನಡಿ ಚೂರು, ಚುಟ್ಟಿಗಳನ್ನು ಯಾಕೆ ಹಾಗೆ ಮಾಡಿದ್ದರು ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ನವೆಂಬರಿನಲ್ಲಿ ವೇದಿಕೆ ಕಟ್ಟಿಸುವ ಕನ್ನಡ ಸಂಘದವರು ಲೈಟಿಂಗಿನವನಿಗೆ ಫೋನು ಮಾಡಿದಾಗ ‘ಎಷ್ಟು ಲೈಟು ಹಾಕ್ತೀಯಪ್ಪಾ’ ಎಂದು ಕೇಳಿ ಸುಮ್ಮನಾಗದಿರಲಿ. ಅಂದು ಸಂಜೆ, ಜನ ಬರುವ ಮುಂಚೆ, ಹಾಡುವವರಲ್ಲಿ ಒಬ್ಬರನ್ನು ಮೈಕಿನ ಮುಂದೆ ನಿಲ್ಲಿಸಿ, ತಾವು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಕಣ್ಣು ಬಾಯಿ ಕಾಣುತ್ತವೆಯೇ ನೋಡಲಿ. ಕಾಣದಿದ್ದರೆ ಹಿಂದಿನ ಎರಡು ದೀಪ ತಂದು ಮುಂದಿಡಿಸಲಿ. ಅರ್ಧ ಗಂಟೆಯ ಕೆಲಸ. ಬಾಡಿಗೆ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ.